ಉಪಾಸಕನ ಏಕಾಂತ

ಬುದ್ಧನ ಶಾಸನವನ್ನು ಅನುಸರಿಸುವವರು ಮೊದಲಿನಿಂದಲೂ ಎರಡು ವರ್ಗದವರು. ಮನೆಯನ್ನು ತೊರೆದು ಹೊರಟ ಭಿಕ್ಷು ಭಿಕ್ಷುಣಿಯರು ಒಂದು ವರ್ಗ. ಮನೆಯಲ್ಲಿಯೇ ನಿಂತು ಬುದ್ಧ, ಧರ್ಮ, ಸಂಘಗಳಿಗೆ ಶರಣುಹೊಕ್ಕ ಉಪಾಸಕ ಉಪಾಸಿಕೆಯರು ಇನ್ನೊಂದು ವರ್ಗ. ಮೊದಲನೆಯವರಿಗೆ ವಿನಯದ ಕಟ್ಟಳೆಯುಂಟು. ಎಡವಿದರೆ ತಿದ್ದುವ ಆಚಾರ್ಯನುಂಟು. ಪಕ್ಷಕ್ಕೊಮ್ಮೆ ಒಂದೆಡೆ ಸೇರಿ ಪ್ರಾತಿಮೋಕ್ಷವನ್ನು ಪಠಿಸುವ, ದೋಷವಿದ್ದವರು ಅದನ್ನು ಒಪ್ಪಿಕೊಂಡು ಶುದ್ಧರಾಗುವ ಪದ್ಧತಿಯುಂಟು. ಊಟ, ಉಡುಪು, ನಿದ್ರೆ, ನಡಗೆ ಇವುಗಳಿಗೆಲ್ಲ ಅಲ್ಲಿ ಮೇರೆ ಗೊತ್ತಾಗಿದೆ. ಎರಡನೆಯವರಿಗಾದರೋ ನಿತ್ಯದ ಪಂಚಶೀಲಗಳೂ ಉಪೋಸಥದ ದಿನಗಳ ಅಷ್ಟಶೀಲಗಳೂ ಹೊರತು ಹೊರಗಿನಿಂದ ಬಂದ ಕಟ್ಟು ಬಹಳವಿಲ್ಲ. ವಿಹಾರವು ಸಮೀಪದಲ್ಲಿದ್ದು ಉಪದೇಶಿಸುವ ಭಿಕ್ಷುವು ದೊರೆಯುವ ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್ ಮೊದಲಾದ ದೇಶಗಳಲ್ಲಿ ಈ ಕೊರತೆಯು ಅಷ್ಟಾಗಿ ತೋರದು. ವಿಹಾರವಿಲ್ಲದ ಊರಿನಲ್ಲಿ, ಕೇಳಲು ಗುರುವಿಲ್ಲದ ಮನೆಯಲ್ಲಿ, ಉದ್ಯೋಗಕ್ಕೂ ಸಂಸಾರಕ್ಕೂ ನಡುವೆ ಒಂದೆರಡು ಗಳಿಗೆಯನ್ನು ಹೇಗೋ ಉಳಿಸಿಕೊಂಡು, ಧರ್ಮವನ್ನು ಓದಿ ಅಭ್ಯಾಸಮಾಡಬೇಕೆನ್ನುವವನಿಗೆ ಅದು ದೊಡ್ಡ ಕೊರತೆಯಾಗಿಯೇ ತೋರುವುದು.

ಅಂತಹವನು ತನಗೆ ತಾನೇ ಒಂದು ನಿಯಮವನ್ನು ಏರ್ಪಡಿಸಿಕೊಂಡು ಒಂಟಿಯಾಗಿ ಸಾಧನೆ ಮಾಡಬಹುದೆ? ಮಾಡಬಹುದಾದರೆ ಅದು ಎಂತಹ ನಿಯಮವಾಗಿರಬೇಕು? ಇದು ಮೇಲುನೋಟಕ್ಕೆ ಸೌಕರ್ಯದ ಪ್ರಶ್ನೆಯಂತೆ ಕಂಡರೂ ನಿಜವಾಗಿ ಧರ್ಮದ ಪ್ರಶ್ನೆ. ಇದರಲ್ಲಿ ಮೂರು ಸಂಶಯಗಳು ಅಡಗಿವೆ. ಗೃಹಸ್ಥನಿಗೆ ಇದರಲ್ಲಿ ಅಧಿಕಾರವುಂಟೆ ಎಂಬುದು ಒಂದು. ತಾನೇ ಗುರು ತಾನೇ ಶಿಷ್ಯನಾದವನು ತನ್ನನ್ನು ತಾನು ವಂಚಿಸಿಕೊಳ್ಳದಿರುವುದು ಹೇಗೆ ಎಂಬುದು ಎರಡನೆಯದು. ಮನೆಯವರಿಗೆ ಸಲ್ಲತಕ್ಕ ಹೊತ್ತನ್ನು ತನ್ನ ಮನಶ್ಶಾಂತಿಗೆಂದು ಎತ್ತಿಕೊಳ್ಳುವುದು ನ್ಯಾಯವೆ ಎಂಬುದು ಮೂರನೆಯದು. ಮೂರರಲ್ಲಿ ಇದೇ ಕಠಿನವಾದದ್ದು. ಇವನ್ನು ಒಂದೊಂದಾಗಿ ವಿಚಾರಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲನೆಯ ಸಂಶಯಕ್ಕೆ ಪಾಲಿ ಗ್ರಂಥಗಳಲ್ಲಿಯೇ ಸಮಾಧಾನವಿದೆ. ಶ್ರಾವಸ್ತಿಯ ಅನಾಥಪಿಂಡಿಕನು ದಾನಿಗಳಲ್ಲಿ ಅಗ್ರಗಣ್ಯನೆಂದು ಹೆಸರಾದವನು. ಜೇತವನವನ್ನು ಕೊಂಡು ಸಂಘಕ್ಕೆ ಒಪ್ಪಿಸಿದವನು. ಅವನು ಒಮ್ಮೆ ಐನೂರು ಮಂದಿ ಉಪಾಸಕರೊಡನೆ ಬಂದಾಗ ಬುದ್ಧನು ಅವನನ್ನು ಹೊಗಳಿ ಕಳುಹಿಸಲಿಲ್ಲ. ಸಂಘಕ್ಕೆ ಚೀವರ, ಆಹಾರ, ವಸತಿ, ಔಷಧಗಳನ್ನು ಒದಗಿಸಿದ್ದೇವೆಂಬ ಇಷ್ಟರಿಂದಲೇ ನೀವು ತೃಪ್ತರಾಗಬಾರದು. ಆಗಾಗ ಪ್ರವಿವೇಕದಿಂದ ಹುಟ್ಟುವ ಪ್ರೀತಿಯಲ್ಲಿ ನಿಲ್ಲುವಂತೆ ನಿಮ್ಮನ್ನು ನೀವು ಶಿಕ್ಷಣಗೊಳಿಸಿಕೊಳ್ಳಬೇಕು ಎಂದು ತಿಳಿಸಿದನೆಂಬುದಾಗಿ ಅಂಗುತ್ತರನಿಕಾಯದಲ್ಲಿ ಹೇಳಿದೆ. ಪ್ರವಿವೇಕವೆಂದರೆ ಏಕಾಂತವೇ. ಕೊಡುವ ಕೈ ಗೃಹಸ್ಥನದು, ಧ್ಯಾನಿಸುವ ಮನಸ್ಸು ಭಿಕ್ಷುವಿನದು ಎಂಬ ವಿಭಾಗವನ್ನು ಬುದ್ಧನು ಒಪ್ಪಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದೇ ಅನಾಥಪಿಂಡಿಕನ ಅಂತ್ಯಕಾಲದ ವೃತ್ತಾಂತವು ಮಜ್ಝಿಮನಿಕಾಯದಲ್ಲಿದೆ. ಮರಣಶಯ್ಯೆಯಲ್ಲಿದ್ದ ಅವನಿಗೆ ಸಾರಿಪುತ್ರನು ಇಂದ್ರಿಯಗಳಲ್ಲಿಯೂ ವಿಷಯಗಳಲ್ಲಿಯೂ ಅಂಟಿಕೊಳ್ಳದಿರುವ ಬಗೆಯನ್ನು ಬೋಧಿಸಿದಾಗ ಆ ವೃದ್ಧನು ಕಣ್ಣೀರಿಟ್ಟನು. ಇಷ್ಟು ಕಾಲ ಸೇವೆ ಮಾಡಿಯೂ ಇಂತಹ ಮಾತು ತನ್ನ ಕಿವಿಗೆ ಬೀಳಲಿಲ್ಲವೆಂಬುದೇ ಅವನ ಅಳಲು. ಬಿಳಿಯ ಬಟ್ಟೆಯ ಗೃಹಸ್ಥರಿಗೆ ಇದನ್ನು ಹೇಳುವ ವಾಡಿಕೆಯಿಲ್ಲವೆಂದು ಉತ್ತರ ಬಂದಿತು. ಅದಕ್ಕೆ ಅವನು, ಗೃಹಸ್ಥರಲ್ಲಿಯೂ ಕಣ್ಣಿನ ಧೂಳು ಕಡಮೆಯಾಗಿರುವವರುಂಟು, ಕೇಳದೆ ಅವರು ಕೆಡುತ್ತಾರೆ, ಅವರಿಗೂ ಹೇಳಿರಿ ಎಂದು ಬೇಡಿಕೊಂಡನು. ಸಾಯುವ ಮನುಷ್ಯನು ತನಗಾಗಿ ಬೇಡದೆ ತನ್ನಂತಹವರಿಗಾಗಿ ಬೇಡಿದ ಈ ಬೇಡಿಕೆಯೇ ಉಪಾಸಕನ ಅಧಿಕಾರಕ್ಕೆ ಆಧಾರಶಾಸನ.

ಶಿಲೆಯ ಮೇಲೆ ಕೊರೆದ ಶಾಸನವೂ ಒಂದುಂಟು. ಅದು ನಮ್ಮ ನಾಡಿನಲ್ಲಿಯೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಲೇಖಗಳಲ್ಲಿ ಆ ಚಕ್ರವರ್ತಿಯು ತನ್ನ ವಿಚಾರವನ್ನು ತಾನೇ ಹೇಳಿಕೊಂಡಿದ್ದಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು. ಆದರೆ ಒಂದು ವರ್ಷ ಹೆಚ್ಚಾಗಿ ಶ್ರಮಿಸಲಿಲ್ಲ. ಸಂಘವನ್ನು ಸಮೀಪಿಸಿದ ಬಳಿಕ ಈ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಿಸಿದ್ದೇನೆ ಎಂಬುದು ಅದರ ತಾತ್ಪರ್ಯ. ಈ ಶ್ರಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮಿಸಿ ಅದನ್ನು ಪಡೆಯಬಲ್ಲನು ಎಂದೂ ಅಲ್ಲಿದೆ. ಶರಣುಹೊಕ್ಕ ಮಾತ್ರದಿಂದ ಕೆಲಸ ಮುಗಿಯಲಿಲ್ಲ, ಶ್ರಮವು ಬೇರೆ ಬೇಕು ಎಂಬುದನ್ನು ರಾಜ್ಯಭಾರ ಹೊತ್ತ ಗೃಹಸ್ಥನೊಬ್ಬನು ಬಂಡೆಯ ಮೇಲೆ ಬರೆಯಿಸಿದನಷ್ಟೆ. ಬಿಡುವಿಲ್ಲವೆಂದು ಹೇಳಲು ಅವನಿಗಿಂತ ಹೆಚ್ಚಿನ ಕಾರಣವುಳ್ಳವರು ನಮ್ಮಲ್ಲಿ ಎಷ್ಟು ಮಂದಿ?

ಅಧಿಕಾರವುಂಟೆಂದಾಯಿತು. ಇನ್ನು ಏಕಾಂತವೆಂದರೆ ಏನೆಂಬುದನ್ನು ನಿಶ್ಚಯಿಸದೆ ಮುಂದುವರಿಯುವಂತಿಲ್ಲ. ಬಾಗಿಲನ್ನು ಹಾಕಿಕೊಂಡರೆ ಏಕಾಂತವಾಯಿತೆಂದು ನಾವು ಭಾವಿಸುವುದುಂಟು. ಸಂಯುತ್ತನಿಕಾಯದಲ್ಲಿ ಮಿಗಜಾಲನೆಂಬ ಭಿಕ್ಷುವು ಇದೇ ಪ್ರಶ್ನೆಯನ್ನು ಕೇಳಿದ್ದಾನೆ. ಒಂಟಿಯಾಗಿ ವಾಸಿಸುವವನು ಯಾರು, ಜೊತೆಗಾರನೊಡನೆ ವಾಸಿಸುವವನು ಯಾರು ಎಂದು ಅವನು ಕೇಳಲು, ತೃಷ್ಣೆಯೇ ಮನುಷ್ಯನ ಜೊತೆಗಾತಿ. ಅದನ್ನು ಬಿಡದವನು ನಿರ್ಜನವಾದ ಕಾಡಿನಲ್ಲಿದ್ದರೂ ಇಬ್ಬರಾಗಿಯೇ ಇರುವನು. ಬಿಟ್ಟವನು ರಾಜರೂ ಮಂತ್ರಿಗಳೂ ಜನರೂ ಕಿಕ್ಕಿರಿದ ಊರಿನಂಚಿನಲ್ಲಿದ್ದರೂ ಒಬ್ಬನೇ ಇರುವನು ಎಂಬ ಅರ್ಥದ ಉತ್ತರ ದೊರೆಯಿತು. ಒಂಟಿವಾಸದಲ್ಲಿ ಹೆಮ್ಮೆ ತಾಳಿದ್ದ ಇನ್ನೊಬ್ಬ ಸ್ಥವಿರನಿಗೆ, ಹಿಂದಿನದನ್ನು ಬಿಟ್ಟು ಮುಂದಿನದನ್ನು ಆಶಿಸದೆ ಈಗಿನದರಲ್ಲಿ ರಾಗವನ್ನು ಕಳೆದುಕೊಂಡಾಗಲೇ ಒಂಟಿವಾಸವು ಪೂರ್ಣವಾಗುವುದೆಂದು ಬುದ್ಧನು ತಿಳಿಸಿದನು. ಶಾಕ್ಯನಾದ ಮಹಾನಾಮನಿಗೆ ಹೇಳಿದ ಮಾತಂತೂ ನೇರವಾಗಿ ಸಂಸಾರಿಗೇ ಸಲ್ಲುವಂತಹದು. ಬುದ್ಧ, ಧರ್ಮ, ಸಂಘ, ಶೀಲ, ತ್ಯಾಗ, ದೇವತೆಗಳೆಂಬ ಆರು ಅನುಸ್ಮೃತಿಗಳನ್ನು ನಡೆಯುವಾಗ, ನಿಂತಾಗ, ಕುಳಿತಾಗ, ಮಲಗಿದಾಗ, ಕೆಲಸಕಾರ್ಯಗಳಲ್ಲಿ ತೊಡಗಿದಾಗ, ಮಕ್ಕಳು ಮರಿಗಳಿಂದ ತುಂಬಿದ ಹಾಸಿಗೆಯಲ್ಲಿರುವಾಗಲೂ ಬೆಳೆಸಬೇಕೆಂದು ಅವನಿಗೆ ವಿಧಿಸಲಾಯಿತು. ಮಕ್ಕಳ ಗದ್ದಲವು ಸಾಧನೆಗೆ ವಿಘ್ನವೆಂದು ಅಲ್ಲಿ ಹೇಳಲಿಲ್ಲ. ಸಾಧನೆಯು ನಡೆಯಬೇಕಾದ ಸ್ಥಳಗಳಲ್ಲಿ ಅದೂ ಒಂದೆಂದು ಹೇಳಿದೆ.

ಹಾಗಾದರೆ ಕೋಣೆಯೂ ಬೇಡ, ಹೊತ್ತೂ ಬೇಡ, ಎಲ್ಲವೂ ಮನಸ್ಸಿನಲ್ಲಿಯೇ ಆಯಿತೆಂದು ಕೆಲವರು ತೀರ್ಮಾನಿಸಿಯಾರು. ಅದು ಅವಸರದ ತೀರ್ಮಾನ. ಒಳಗಿನ ಏಕಾಂತವು ಗುರಿ. ಹೊರಗಿನ ಏಕಾಂತವು ಅದನ್ನು ಕಲಿಯುವ ಪಾಠಶಾಲೆ. ಈಜು ಬಲ್ಲವನು ಮಡುವಿನಲ್ಲಿಯೂ ಈಜುವನೆಂದು ಕಲಿಯದವನನ್ನು ಮಡುವಿಗೆ ತಳ್ಳುವುದುಂಟೆ? ಆದುದರಿಂದಲೇ ಉಪಾಸಕನಿಗೆ ಪಕ್ಷದ ಎಂಟನೆಯ, ಹದಿನಾಲ್ಕನೆಯ ಮತ್ತು ಹದಿನೈದನೆಯ ದಿನಗಳ ಉಪೋಸಥವನ್ನು ವಿಧಿಸಿದರು. ಆ ದಿನ ಅವನು ಎಂಟು ಶೀಲಗಳನ್ನು ಧರಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣದೆ, ಹಾಡು ಕುಣಿತ ಅಲಂಕಾರಗಳನ್ನು ಬಿಟ್ಟು, ಒಂದು ಹಗಲು ಒಂದು ಇರುಳು ಅರ್ಹಂತರ ಬಾಳನ್ನು ಅನುಕರಿಸುತ್ತಾನೆ. ಇದು ಜೀವನಪೂರ್ತಿ ತೊಟ್ಟ ವೇಷವಲ್ಲ. ಗಡುವಿಟ್ಟು ಕೈಕೊಂಡ ವ್ರತ. ಗಡುವಿರುವುದರಿಂದಲೇ ಅದು ಗೃಹಸ್ಥನ ಕೈಗೆ ಎಟುಕುವುದು.

ಆದರೆ ದಿನವನ್ನು ಗೊತ್ತುಮಾಡಿದ ಮಾತ್ರಕ್ಕೆ ಮನಸ್ಸು ಗೊತ್ತಿಗೆ ಬಾರದು. ವಿಶಾಖೆಗೆ ಮಾಡಿದ ಉಪದೇಶದಲ್ಲಿ ದನಗಾಹಿಯ ಉಪೋಸಥವೆಂಬುದೊಂದನ್ನು ವರ್ಣಿಸಿದೆ. ಸಂಜೆಗೆ ದನಗಳನ್ನು ಒಡೆಯನಿಗೆ ಒಪ್ಪಿಸಿದ ದನಗಾಹಿಯು, ಈ ದಿನ ಇಲ್ಲಿ ಮೇಯಿಸಿದೆನು, ಅಲ್ಲಿ ನೀರು ಕುಡಿಸಿದೆನು, ನಾಳೆ ಎಲ್ಲಿ ಮೇಯಿಸಲಿ ಎಂದು ಲೆಕ್ಕ ಹಾಕುವಂತೆ, ಉಪವಾಸ ಹಿಡಿದವನು ಇಂದು ಏನನ್ನು ತಿಂದೆನು, ನಾಳೆ ಏನನ್ನು ತಿನ್ನುವೆನು ಎಂಬ ಎಣಿಕೆಯಲ್ಲಿಯೇ ದಿನವನ್ನು ಕಳೆಯುವನಂತೆ. ಏಕಾದಶಿಯ ಮರುದಿನದ ಪಾರಣೆಯನ್ನು ನೆನೆಯುತ್ತ ಏಕಾದಶಿಯನ್ನು ಕಳೆಯುವವರನ್ನು ಬಲ್ಲ ನಮಗೆ ಈ ಚಿತ್ರವು ಅಪರಿಚಿತವಲ್ಲ. ನಿಯಮವು ಹೊರಗಿನ ಬೇಲಿ. ಒಳಗೆ ಬಿತ್ತನೆಯಾಗದಿದ್ದರೆ ಬೇಲಿಯು ಬರಿಯ ಭೂಮಿಯನ್ನು ಕಾಯುತ್ತದೆ.

ಬಿತ್ತನೆಯೆಂದರೆ ಅಧ್ಯಯನ. ಒಂಟಿಯಾಗಿ ಓದುವವನಿಗೆ ಇಂದಿರುವ ಕಷ್ಟವು ಗ್ರಂಥಗಳ ಅಭಾವವಲ್ಲ, ಗ್ರಂಥಗಳ ಅತಿಶಯ. ಇಡೀ ತ್ರಿಪಿಟಕವೂ ಅದರ ವ್ಯಾಖ್ಯಾನಗಳೂ ಅಂಗೈಯಗಲದ ಯಂತ್ರದೊಳಗೆ ಬಂದು ಕುಳಿತಿವೆ. ಜಪಾನಿನ ಧ್ಯಾನಮಾರ್ಗವನ್ನು ಬೆಳಗ್ಗೆ, ಟಿಬೆಟ್ಟಿನದನ್ನು ಮಧ್ಯಾಹ್ನ, ಬರ್ಮಾದವರದನ್ನು ಸಂಜೆಗೆ ರುಚಿನೋಡಿ ಯಾವುದನ್ನೂ ಉಣ್ಣದೆ ಮಲಗುವವರು ಈಗ ಅಪರೂಪವಲ್ಲ. ಐದನೆಯ ಶತಮಾನದಲ್ಲಿ ಅನುರಾಧಪುರದಲ್ಲಿ ವಿಸುದ್ಧಿಮಗ್ಗವನ್ನು ರಚಿಸಿದ ಬುದ್ಧಘೋಷನು ಧ್ಯಾನಕ್ಕೆ ತೊಡಗುವವನು ಕಡಿದುಕೊಳ್ಳಬೇಕಾದ ಹತ್ತು ತೊಡಕುಗಳನ್ನು ಎಣಿಸುವಾಗ ವಸತಿ, ಲಾಭ, ಪ್ರಯಾಣ, ರೋಗ ಮೊದಲಾದವುಗಳ ಜೊತೆಗೆ ಗ್ರಂಥವನ್ನೂ ಸೇರಿಸಿದ್ದಾನೆ. ಅಷ್ಟು ದೊಡ್ಡ ಗ್ರಂಥವನ್ನು ಬರೆದವನೇ ಗ್ರಂಥವೂ ಒಂದು ತೊಡಕಾದೀತೆಂದು ಎಚ್ಚರಿಸಿದನೆಂಬುದು ಗಮನಿಸತಕ್ಕ ಮಾತು. ಓದನ್ನು ಬಿಡಬೇಕೆಂಬುದು ಇದರ ಅರ್ಥವಲ್ಲ. ಓದಿಗೂ ಮೇರೆ ಬೇಕೆಂಬುದು ಅರ್ಥ.

ಆ ಮೇರೆಯನ್ನು ಹಾಕಿ ತೋರಿಸಿದವನೂ ಅಶೋಕನೇ. ರಾಜಸ್ಥಾನದ ಬೈರಾಟಿನಲ್ಲಿ ದೊರೆತು ಈಗ ಕೋಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಶಿಲಾಲೇಖದಲ್ಲಿ ಅವನು ಏಳು ಧರ್ಮಪಾಠಗಳನ್ನು ಹೆಸರಿಸಿ, ಇವನ್ನು ಭಿಕ್ಷು ಭಿಕ್ಷುಣಿಯರೂ ಅಂತೆಯೇ ಉಪಾಸಕ ಉಪಾಸಿಕೆಯರೂ ಪದೇ ಪದೇ ಕೇಳಿ ಮನನಮಾಡಬೇಕೆಂದು ತನ್ನ ಇಚ್ಛೆಯನ್ನು ತಿಳಿಸಿದ್ದಾನೆ. ಗೃಹಸ್ಥರಿಗೆಂದೂ ಗೊತ್ತುಮಾಡಿದ ಪಠ್ಯಕ್ರಮವೊಂದು ಕಲ್ಲಿನ ಮೇಲೆ ಉಳಿದುಬಂದಿರುವುದು ಸಾಮಾನ್ಯವಲ್ಲ. ಬುದ್ಧನು ಹೇಳಿದ್ದೆಲ್ಲವೂ ಸುಭಾಷಿತವೇ ಎಂದು ಒಪ್ಪಿದ ಮೇಲೂ ಅವನು ಏಳನ್ನೇ ಆರಿಸಿದನು. ಹೊಸದನ್ನು ಹುಡುಕಿರೆಂದು ಹೇಳದೆ ಇವನ್ನೇ ಮತ್ತೆ ಮತ್ತೆ ಕೇಳಿರೆಂದು ಹೇಳಿದನು. ಒಂಟಿ ಓದುಗನಿಗೆ ಇದಕ್ಕಿಂತ ಹಿತವಾದ ಸೂತ್ರ ದೊರೆಯದು. ಕೆಲವನ್ನು ಆರಿಸಿಕೋ, ಆರಿಸಿದ್ದನ್ನು ಬದಲಿಸಬೇಡ, ಅದು ನಿನ್ನನ್ನು ಬದಲಿಸುವವರೆಗೆ ಓದು.

ಆ ಏಳರಲ್ಲಿ ಕಡೆಯದು ಸುಳ್ಳಿನ ವಿಷಯವಾಗಿ ರಾಹುಲನಿಗೆ ಮಾಡಿದ ಉಪದೇಶ. ಉಪಾಸಕನು ಒಂದೇ ಒಂದು ಪಾಠವನ್ನು ಇಟ್ಟುಕೊಳ್ಳಬೇಕೆಂದರೆ ಇದನ್ನು ಇಟ್ಟುಕೊಳ್ಳಬಹುದು. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ತುಸು ನೀರನ್ನು ತೋರಿಸಿ, ತಿಳಿದೂ ಸುಳ್ಳಾಡಲು ನಾಚದವನ ಶ್ರಮಣಧರ್ಮವು ಇಷ್ಟೇ ಎಂದು ತಂದೆಯು ಮಗನಿಗೆ ಹೇಳಿದನು. ಆ ನೀರನ್ನು ಚೆಲ್ಲಿ, ಪಾತ್ರೆಯನ್ನು ಮಗುಚಿ, ಬರಿದಾದುದನ್ನು ತೋರಿಸಿ ಮತ್ತೆ ಮತ್ತೆ ಅದನ್ನೇ ಹೇಳಿದನು. ಆಮೇಲೆ, ಕನ್ನಡಿಯು ಏತಕ್ಕೆಂದು ಕೇಳಿದನು. ನೋಡಿಕೊಳ್ಳುವುದಕ್ಕೆಂದು ರಾಹುಲನು ಉತ್ತರ ಕೊಡಲು, ಹಾಗೆಯೇ ನಿನ್ನ ಕಾರ್ಯಗಳನ್ನು ನೋಡಿ ನೋಡಿ ಮಾಡೆಂದು ಕ್ರಮವನ್ನು ಕಲಿಸಿದನು. ಕಾಯದಿಂದಾಗಲಿ ಮಾತಿನಿಂದಾಗಲಿ ಮನಸ್ಸಿನಿಂದಾಗಲಿ ಮಾಡುವ ಪ್ರತಿಯೊಂದನ್ನೂ ಮೂರು ಸಲ ಪರೀಕ್ಷಿಸಬೇಕು: ಮಾಡುವ ಮುನ್ನ, ಮಾಡುತ್ತಿರುವಾಗ, ಮಾಡಿದ ಮೇಲೆ. ಪ್ರತಿಸಲವೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ನನಗೆ ನೋವಾಗುವುದೆ, ಪರರಿಗೆ ನೋವಾಗುವುದೆ, ಇಬ್ಬರಿಗೂ ನೋವಾಗುವುದೆ? ಇದಕ್ಕೆ ಗುಹೆಯೂ ಬೇಡ, ಆಸನವೂ ಬೇಡ. ಅಂಗಡಿಯ ತಕ್ಕಡಿಯ ಮುಂದೆಯೂ ಕಚೇರಿಯ ಮೇಜಿನ ಮುಂದೆಯೂ ಇದನ್ನು ಅಭ್ಯಾಸಮಾಡಬಹುದು. ದಿನದ ಕೊನೆಯಲ್ಲಿ ಕಾಲುಗಂಟೆ ಒಬ್ಬನೇ ಕುಳಿತು ಲೆಕ್ಕ ನೋಡಿಕೊಳ್ಳಬಹುದು.

ಈ ಉಪದೇಶದಲ್ಲಿಯೇ ಎರಡನೆಯ ಸಂಶಯಕ್ಕೂ ಉತ್ತರವಿದೆ. ಮಾಡಿದ ಕಾರ್ಯವಾಗಲಿ ಆಡಿದ ಮಾತಾಗಲಿ ನೋವಿಗೆ ಕಾರಣವಾಯಿತೆಂದು ಕಂಡುಬಂದರೆ ಅದನ್ನು ಗುರುವಿನ ಬಳಿಯಲ್ಲಿಯೋ ವಿವೇಕಿಯಾದ ಜೊತೆಗಾರನ ಬಳಿಯಲ್ಲಿಯೋ ಬಿಚ್ಚಿ ಹೇಳಬೇಕೆಂದು ರಾಹುಲನಿಗೆ ವಿಧಿಸಿದೆ. ಕನ್ನಡಿ ಹಿಡಿಯುವವನು ತಾನೇ. ಆದರೆ ಕಂಡದ್ದನ್ನು ಇನ್ನೊಬ್ಬನಿಗೆ ಹೇಳಬೇಕು. ತನ್ನ ಮುಖವು ತನಗೆ ಯಾವಾಗಲೂ ಸ್ವಲ್ಪ ಚೆನ್ನಾಗಿಯೇ ಕಾಣುವುದಷ್ಟೆ. ಉದಾನದಲ್ಲಿ ಮೇಘಿಯನೆಂಬ ಭಿಕ್ಷುವಿನ ಕಥೆಯಿದೆ. ಅವನು ಬುದ್ಧನಿಗೆ ಉಪಸ್ಥಾಯಕನಾಗಿದ್ದನು. ಕಿಮಿಕಾಳಾ ನದಿಯ ದಡದಲ್ಲಿ ರಮ್ಯವಾದ ಮಾವಿನ ತೋಪನ್ನು ಕಂಡು, ಸಾಧನೆಗೆ ಇದು ತಕ್ಕ ಸ್ಥಳವೆಂದು ಅಲ್ಲಿಗೆ ಹೋಗಲು ಅಪ್ಪಣೆ ಬೇಡಿದನು. ಇನ್ನೊಬ್ಬ ಭಿಕ್ಷು ಬರುವವರೆಗೆ ತಾಳೆಂದರೂ ತಾಳದೆ ಮೂರನೆಯ ಸಲ ಬೇಡಿ ಹೊರಟುಹೋದನು. ಮರದಡಿಯಲ್ಲಿ ಕುಳಿತ ಅವನ ಮನಸ್ಸನ್ನು ಕಾಮ, ದ್ವೇಷ, ಹಿಂಸೆಗಳ ಯೋಚನೆಗಳು ಮುತ್ತಿಕೊಂಡವು. ಬೆರಗಾಗಿ ಹಿಂದಿರುಗಿದವನಿಗೆ ಬುದ್ಧನು ಚಿತ್ತದ ಪರಿಪಾಕಕ್ಕೆ ಬೇಕಾದ ಐದು ಅಂಗಗಳನ್ನು ಹೇಳಿದನು. ಅವುಗಳಲ್ಲಿ ಮೊದಲನೆಯದು ಕಲ್ಯಾಣಮಿತ್ರತೆ. ಧರ್ಮಜೀವನದಲ್ಲಿ ಅರ್ಧವು ಕಲ್ಯಾಣಮಿತ್ರನಿಂದಲೇ ಎಂದು ಆನಂದನು ಇನ್ನೊಂದೆಡೆ ಹೇಳಿದಾಗ, ಅರ್ಧವಲ್ಲ, ಪೂರ್ತಿಯೂ ಅದೇ ಎಂದು ಬುದ್ಧನು ತಿದ್ದಿದನೆಂಬುದೂ ಪ್ರಸಿದ್ಧ. ಮಾವಿನ ತೋಪಿನ ತಂಪು ಮೇಘಿಯನನ್ನು ಕಾಪಾಡಲಿಲ್ಲ. ನಮ್ಮ ಬಾಗಿಲು ಮುಚ್ಚಿದ ಕೋಣೆಯು ನಮ್ಮನ್ನು ಕಾಪಾಡುವುದೆಂದು ನಂಬುವುದಕ್ಕೆ ಏನು ಆಧಾರ?

ಮಿತ್ರನೇ ದೊರೆಯದ ಊರಿನಲ್ಲಿ ಏನು ಮಾಡಬೇಕೆಂದರೆ, ಮಿತ್ರತ್ವಕ್ಕೆ ಬಗೆಗಳು ಹಲವು. ಕೌಶಾಂಬಿಯ ರಾಣಿ ಸಾಮಾವತಿಯ ದಾಸಿಯಾಗಿದ್ದ ಖುಜ್ಜುತ್ತರೆಯು ಹೊರಗೆ ಹೋಗಿ ಉಪದೇಶವನ್ನು ಕೇಳಿ ಬಂದು, ಅರಮನೆಯನ್ನು ಬಿಟ್ಟು ಹೊರಡಲಾಗದ ಹೆಂಗಸರಿಗೆ ಅದನ್ನು ಹಾಗೆಯೇ ಒಪ್ಪಿಸುತ್ತಿದ್ದಳು. ಇತಿವುತ್ತಕವೆಂಬ ಗ್ರಂಥವು ಅವಳ ನೆನಪಿನಿಂದ ಉಳಿದುಬಂದಿತೆಂದು ಸಂಪ್ರದಾಯವು ಹೇಳುತ್ತದೆ. ಒಬ್ಬಳು ಕೇಳಿದ್ದರಿಂದ ಒಂದು ಅಂತಃಪುರವೇ ಕಲಿತಿತು. ೧೯೫೮ರಲ್ಲಿ ಶ್ರೀಲಂಕೆಯ ಕ್ಯಾಂಡಿಯಲ್ಲಿ ನ್ಯಾನಪೋನಿಕ ಸ್ಥವಿರರೂ ಇಬ್ಬರು ಗೃಹಸ್ಥರೂ ಸೇರಿ ಸ್ಥಾಪಿಸಿದ ಬೌದ್ಧ ಪ್ರಕಟನ ಸಂಘವು ಸಣ್ಣ ಸಣ್ಣ ಪುಸ್ತಿಕೆಗಳನ್ನು ಅಂಚೆಯ ಮೂಲಕ ದೂರದೇಶಗಳ ಓದುಗರಿಗೆ ತಲಪಿಸಿತು. ಬರ್ಮಾದಲ್ಲಿ ಲೆಡಿ ಸಯಾಡೋ (೧೮೪೬–೧೯೨೩) ಅವರು ಸಾಮಾನ್ಯ ಗೃಹಸ್ಥರಿಗೂ ತಿಳಿಯುವಂತೆ ಧರ್ಮಗ್ರಂಥಗಳನ್ನು ಬರೆದರು. ಅವರ ಪರಂಪರೆಯಲ್ಲಿ ಸಯಾ ತೆಟ್‌ಜಿ ಎಂಬ ಬೇಸಾಯಗಾರರು ಧ್ಯಾನವನ್ನು ಕಲಿತು ಕಲಿಸಿದರು. ಅವರಿಂದ ಕಲಿತ ಊ ಬಾ ಖಿನ್ (೧೮೯೯–೧೯೭೧) ಅವರು ಸರಕಾರದ ಅಕೌಂಟೆಂಟ್ ಜನರಲ್ ಆಗಿದ್ದುಕೊಂಡೇ ೧೯೫೨ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರವನ್ನು ತೆರೆದರು. ಅವರ ಶಿಷ್ಯರೂ ವ್ಯಾಪಾರಸ್ಥರೂ ಆಗಿದ್ದ ಎಸ್. ಎನ್. ಗೋಯಂಕಾ ಅವರು ೧೯೬೯ರಲ್ಲಿ ಭಾರತಕ್ಕೆ ಬಂದು ಆ ಪದ್ಧತಿಯನ್ನು ಹರಡಿದರು. ಇದರಲ್ಲಿ ಮೊದಲು ಶೀಲಗ್ರಹಣ. ಬಳಿಕ ಹತ್ತು ದಿನ ಆಚಾರ್ಯನ ಎದುರಿನಲ್ಲಿ ಮೌನದ ಅಭ್ಯಾಸ. ಆಮೇಲೆ ಮನೆಯಲ್ಲಿ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಒಬ್ಬೊಬ್ಬರೇ ಮಾಡುವ ಅಭ್ಯಾಸ. ಪರರೊಡನೆ ಕಳೆದ ಹತ್ತು ದಿನಗಳು ಒಂಟಿಯಾಗಿ ಕಳೆಯುವ ಉಳಿದ ದಿನಗಳಿಗೆ ತಳಹದಿಯಾಗುವುವು. ಒಂಟಿ ಅಭ್ಯಾಸವು ಎಲ್ಲಿ ಸಫಲವಾಗಿದೆಯೋ ಅಲ್ಲೆಲ್ಲ ಅದರ ಹಿಂದೆ ಇಂತಹ ಒಂದು ಸಂಗವಿರುವುದು ಕಾಣುತ್ತದೆ. ವರ್ಷಕ್ಕೆ ಕೆಲವು ದಿನ ಬಲ್ಲವರ ಸನ್ನಿಧಿ, ತಿಂಗಳಿಗೊಮ್ಮೆ ಒಬ್ಬ ಮಿತ್ರನಿಗೆ ನಿಷ್ಕಪಟವಾದ ಪತ್ರ, ಇಷ್ಟಾದರೂ ಇಲ್ಲದೆ ನಡೆಸುವ ಸಾಧನೆಯನ್ನು ಸಾಧಕನೇ ನಂಬಕೂಡದು.

ಇನ್ನುಳಿದದ್ದು ಮನೆಯ ಪ್ರಶ್ನೆ. ರಾಜಗೃಹದಲ್ಲಿ ಸಿಗಾಲನೆಂಬ ಗೃಹಸ್ಥನು ಬೆಳಗ್ಗೆ ಮಿಂದು ಒದ್ದೆಬಟ್ಟೆಯಲ್ಲಿ ಆರು ದಿಕ್ಕುಗಳಿಗೂ ಕೈಮುಗಿಯುತ್ತಿದ್ದನು. ಅದು ಅವನಿಗೆ ತಂದೆಯು ಕಡೆಗಾಲದಲ್ಲಿ ಹೇಳಿಹೋದ ನಿಯಮ. ಬುದ್ಧನು ಅದನ್ನು ನಿಲ್ಲಿಸೆನ್ನಲಿಲ್ಲ. ದಿಕ್ಕುಗಳೆಂದರೆ ಯಾರೆಂದು ತಿಳಿಸಿಕೊಟ್ಟನು. ಮೂಡಲು ತಾಯಿತಂದೆಗಳು, ತೆಂಕಲು ಗುರುಗಳು, ಪಡುವಲು ಹೆಂಡತಿ ಮಕ್ಕಳು, ಬಡಗಲು ಮಿತ್ರರು, ಕೆಳಗೆ ಆಳುಕಾಳುಗಳು, ಮೇಲೆ ಶ್ರಮಣ ಬ್ರಾಹ್ಮಣರು. ಆಳಿನ ವಿಷಯದಲ್ಲಿ ಶಕ್ತಿಯರಿತು ಕೆಲಸ ಹಂಚುವುದು, ಅನ್ನ ಸಂಬಳಗಳನ್ನು ಕೊಡುವುದು, ಕಾಯಿಲೆಯಲ್ಲಿ ನೋಡಿಕೊಳ್ಳುವುದು, ಹೊತ್ತಿಗೆ ಬಿಡುವು ಕೊಡುವುದು ಇವೆಲ್ಲವನ್ನೂ ಪೂಜೆಯೆಂದೇ ಅಲ್ಲಿ ಎಣಿಸಿದೆ. ಒಂಟಿಯಾಗಿ ನಿಂತು ಮಾಡುತ್ತಿದ್ದ ಕ್ರಿಯೆಯು ಹೀಗೆ ಆರು ಕಡೆಗಳ ಮನುಷ್ಯರ ಋಣವಾಗಿ ಮಾರ್ಪಟ್ಟಿತು. ಉಪಾಸಕನ ಏಕಾಂತವನ್ನು ಅಳೆಯುವ ಕೋಲು ಇಲ್ಲಿದೆ.

ಈ ಕೋಲಿನಿಂದ ಅಳೆದರೆ ನಾವು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿ ಹೊರಬೀಳುತ್ತದೆ. ಒಬ್ಬನ ಏಕಾಂತವನ್ನು ಇನ್ನೊಬ್ಬರ ದುಡಿಮೆಯು ಕಟ್ಟಿಕೊಡುತ್ತದೆ. ಮನೆಯ ಯಜಮಾನನು ಮುಂಜಾನೆ ಕಣ್ಣು ಮುಚ್ಚಿ ಕುಳಿತಿರುವಾಗ ಒಲೆಯ ಮುಂದೆ ಯಾರೋ ಕಣ್ಣು ತೆರೆದು ಕುಳಿತಿರುತ್ತಾರೆ. ಅವನಿಗೆ ಸದ್ದಾಗದಂತೆ ಮಗುವನ್ನು ಯಾರೋ ಸಮಾಧಾನಪಡಿಸುತ್ತಿರುತ್ತಾರೆ. ಅವನು ಎದ್ದು ಬಂದಾಗ ಅವನ ಮುಖದಲ್ಲಿ ಕಾಣುವ ಶಾಂತಿಗೆ ಅವರ ಹೊತ್ತು ವೆಚ್ಚವಾಗಿದೆ. ಭಿಕ್ಷುವು ಈ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡು ಪಾತ್ರೆ ಹಿಡಿದು ನಿಲ್ಲುತ್ತಾನೆ. ಗೃಹಸ್ಥನು ಅದನ್ನು ತನ್ನ ಹಕ್ಕೆಂದು ಭಾವಿಸಿ ಋಣವೆಂಬುದನ್ನೇ ಮರೆಯುವ ಅಪಾಯವುಂಟು. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದೆಂಬುದು ಪಂಚಶೀಲಗಳಲ್ಲಿ ಎರಡನೆಯದು. ಹೆಂಡತಿಯ ಬಿಡುವನ್ನು ಅವಳು ಕೊಡದೆಯೇ ತೆಗೆದುಕೊಂಡು ಧ್ಯಾನಕ್ಕೆ ಕುಳಿತವನು ಆ ಶೀಲವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡನೆಂದು ಯೋಚಿಸಬೇಕಾಗಿದೆ.

ಹೆಂಗಸರಿಗೆ ಈ ಸಾಧನೆಯ ಅವಶ್ಯಕತೆ ಅಷ್ಟಾಗಿಲ್ಲವೆಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಸತಿಪಟ್ಠಾನಸುತ್ತದ ವ್ಯಾಖ್ಯಾನದಲ್ಲಿ ಕುರುದೇಶದ ವರ್ಣನೆ ಬರುತ್ತದೆ. ಅಲ್ಲಿ ನೀರುಗಟ್ಟೆಯಲ್ಲಿಯೂ ನೂಲುವ ಕಡೆಗಳಲ್ಲಿಯೂ ಜನರು ಸ್ಮೃತಿಯ ಅಭ್ಯಾಸದ ಮಾತನ್ನೇ ಆಡುತ್ತಿದ್ದರಂತೆ. ಯಾವ ಅಭ್ಯಾಸವನ್ನೂ ಮಾಡುತ್ತಿಲ್ಲವೆಂದು ಒಬ್ಬ ಹೆಂಗಸು ಹೇಳಿದರೆ ಉಳಿದವರು ಅವಳನ್ನು ಗದರಿಸಿ ಕಲಿಸುತ್ತಿದ್ದರಂತೆ. ಥೇರೀಗಾಥೆಯ ಮೊದಲನೆಯ ಗಾಥೆಯ ಸ್ಥವಿರೆಯು ಇನ್ನೂ ಗೃಹಿಣಿಯಾಗಿದ್ದಾಗ, ಒಲೆಯ ಮೇಲಿನ ಪಲ್ಯವು ಉರಿಗೆ ಸಿಕ್ಕಿ ಚಟಪಟನೆ ಸೀದುಹೋಗುವುದನ್ನು ಕಂಡು ಅದನ್ನೇ ಅನಿತ್ಯದ ಪಾಠವಾಗಿ ಹಿಡಿದು ಸಿದ್ಧಿಪಡೆದಳೆಂದು ಅದರ ವ್ಯಾಖ್ಯಾನವು ತಿಳಿಸುತ್ತದೆ. ಮುಂದೆ ಅವಳ ಮನಸ್ಸನ್ನು ಅರಿತ ಗಂಡನೇ ಅವಳನ್ನು ಮಹಾಪ್ರಜಾಪತಿಯ ಬಳಿಗೆ ಕರೆದೊಯ್ದನಂತೆ. ಅಡಿಗೆಮನೆಯಲ್ಲಿಯೂ ಏಕಾಂತವು ಸಾಧ್ಯವೆಂಬುದು ಈ ಕಥೆಯಿಂದ ತಿಳಿಯುತ್ತದೆ. ಅಡಿಗೆಮನೆಯೇ ಅವಳಿಗೆ ಸಾಕೆಂದು ಮಾತ್ರ ಇದರಿಂದ ತಿಳಿಯಬಾರದು. ಆದುದರಿಂದ ಸಂಸಾರಿಯ ನಿಯಮದಲ್ಲಿ ಮೊದಲನೆಯ ಅಂಶವು ಇದಾಗಿರಬೇಕು: ತಾನು ಎಷ್ಟು ಹೊತ್ತನ್ನು ಮನೆಯಿಂದ ಪಡೆಯುವನೋ ಅಷ್ಟು ಹೊತ್ತನ್ನು ಮನೆಗೆ ಹಿಂದಿರುಗಿಸುವುದು. ಬೆಳಗಿನ ಗಂಟೆ ತನ್ನದಾದರೆ ಸಂಜೆಯ ಗಂಟೆ ಅವಳದು. ಆಗ ಮಗುವೂ ಒಲೆಯೂ ತನ್ನ ಪಾಲಿಗೆ. ಬಚ್ಚಿಟ್ಟ ನಿಯಮಕ್ಕಿಂತ ಮನೆಯವರೆಲ್ಲರಿಗೂ ತಿಳಿದ ನಿಯಮವು ಮೇಲು. ಅವರು ಅದಕ್ಕೆ ಸಾಕ್ಷಿಗಳೂ ಆಗುವರು.

ಈ ಸಾಕ್ಷಿತ್ವವು ಸಣ್ಣ ಮಾತಲ್ಲ. ಸಾಧನೆಯು ಮುಂದುವರಿಯುತ್ತಿದೆಯೇ ಇಲ್ಲವೆ ಎಂಬುದನ್ನು ಸಾಧಕನು ತನ್ನ ಒಳಗಿನ ಅನುಭವಗಳಿಂದ ನಿರ್ಣಯಿಸಹೊರಟರೆ ಬಹುಮಟ್ಟಿಗೆ ಮೋಸಹೋಗುವನು. ಕಣ್ಣು ಮುಚ್ಚಿದಾಗ ಬೆಳಕು ಕಂಡಿತು, ಮೈ ಹಗುರವಾಯಿತು ಎಂಬುವನ್ನು ಪರೀಕ್ಷಿಸುವವರಾರು? ಕೋಪವು ಮೊದಲಿಗಿಂತ ಬೇಗನೆ ಇಳಿಯುವುದೆ, ಮಾತಿನಲ್ಲಿ ಸುಳ್ಳು ಕಡಮೆಯಾಯಿತೆ, ಆಳಿಗೆ ಸಂಬಳವು ಹೊತ್ತಿಗೆ ಸಲ್ಲುವುದೆ ಎಂಬುದನ್ನು ಮನೆಯವರು ನಿಷ್ಪಕ್ಷಪಾತವಾಗಿ ಹೇಳಬಲ್ಲರು. ಮೇಲೆ ಹೇಳಿದ ಬ್ರಹ್ಮಗಿರಿಯ ಶಾಸನದಲ್ಲಿಯೂ ಶ್ರಮಿಸಿರೆಂಬ ಮಾತಿನ ಬೆನ್ನಿಗೇ ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆ ಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ನಡೆಯಬೇಕು ಎಂದಿದೆ. ಶ್ರಮವು ಒಳಗಿನದು, ಅದರ ಗುರುತು ಹೊರಗಿನದು.

ಕಡೆಗೆ ಅತಿಯ ವಿಷಯದಲ್ಲಿ ಒಂದು ಮಾತು. ಒಂಟಿಯಾಗಿ ನಿಯಮ ಹಿಡಿದವರಲ್ಲಿ ಬೇಗನೆ ಬಿಡುವವರೇ ಬಹಳ. ಅವರಲ್ಲಿ ಅನೇಕರು ಬಿಡುವುದು ಸೋಮಾರಿತನದಿಂದಲ್ಲ, ಮೊದಲ ದಿನಗಳ ಅತಿಯಾದ ಉತ್ಸಾಹದಿಂದ. ಕಾಲು ಒಡೆದು ರಕ್ತ ಸುರಿಯುವವರೆಗೆ ನಡೆದು ಸಾಧನೆ ಮಾಡಿ, ಫಲ ಕಾಣದೆ ಮನೆಗೆ ಹಿಂದಿರುಗುವ ಯೋಚನೆ ಮಾಡಿದ ಸೋಣನಿಗೆ ಬುದ್ಧನು ಅವನು ಹಿಂದೆ ನುಡಿಸುತ್ತಿದ್ದ ವೀಣೆಯನ್ನು ನೆನಪಿಗೆ ತಂದುಕೊಟ್ಟನು. ತಂತಿಯನ್ನು ಬಹಳ ಬಿಗಿದರೂ ಬಹಳ ಸಡಿಲಿಸಿದರೂ ನಾದ ಹೊರಡದು. ಮೂರು ಗಂಟೆಯ ನಿಯಮವನ್ನು ಮೂರು ವಾರ ನಡೆಸುವುದಕ್ಕಿಂತ ಅರ್ಧ ಗಂಟೆಯ ನಿಯಮವನ್ನು ಮೂರು ವರ್ಷ ನಡೆಸುವುದು ಲೇಸು. ಮನೆಯಲ್ಲಿ ಕಾಯಿಲೆಯಾದ ದಿನ, ನೆಂಟರು ಬಂದ ದಿನ, ನೆರೆಯವರಿಗೆ ಕಷ್ಟವಾದ ದಿನ ನಿಯಮವನ್ನು ಸಡಿಲಿಸುವುದು ಭಂಗವಲ್ಲ. ರೋಗಿಯ ಹಾಸಿಗೆಯ ಬಳಿ ಕುಳಿತ ರಾತ್ರಿಯೂ ಜಾಗರಣೆಯೇ.

ಇಷ್ಟರಿಂದ ನಾವು ಕಂಡುಕೊಂಡದ್ದೇನೆಂದರೆ: ಗೃಹಸ್ಥನು ಏಕಾಂತದಲ್ಲಿ ಓದಿ ಅಭ್ಯಾಸಮಾಡುವುದಕ್ಕೆ ಅಧಿಕಾರಿ, ಅಧಿಕಾರಿಯಷ್ಟೇ ಅಲ್ಲ, ಅದು ಅವನಿಗೆ ಕರ್ತವ್ಯವೂ ಹೌದು. ಆದರೆ ಆ ಏಕಾಂತವು ಮನೆಯಿಂದ ಓಡಿಹೋಗುವ ಹಿತ್ತಲ ಬಾಗಿಲಾಗಬಾರದು. ಅದಕ್ಕೆ ಗೊತ್ತಾದ ಹೊತ್ತು, ಕೆಲವೇ ಪಾಠಗಳು, ದಿನದಿನದ ಲೆಕ್ಕ, ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲು ಒಬ್ಬನಾದರೂ ಮಿತ್ರ, ಮನೆಯವರಿಗೂ ಸಮನಾದ ಬಿಡುವು ಇವು ಬೇಕು. ಇವುಗಳಲ್ಲಿ ಯಾವುದೂ ವಿಹಾರವಿಲ್ಲದ ಊರಿನಲ್ಲಿ ದುರ್ಲಭವಲ್ಲ. ಅನಾಥಪಿಂಡಿಕನಿಗೆ ಆ ಮಾತು ಕಡೆಯ ದಿನದಲ್ಲಿ ದೊರೆಯಿತು. ನಮಗೆ ಮೊದಲೇ ದೊರೆತಿದೆ. ಕೇಳಲಿಲ್ಲವೆಂಬ ನೆಪವು ನಮಗಿಲ್ಲ.